ಕಿಟಕಿಗೆ ಯಾರೂ ಇಲ್ಲದ ರೇವವ್ವ

ರೇವವ್ವನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನಮ್ಮೂರು ಮಸೂತಿಯ ಹಿಟ್ಟಿನ ಗಿರಣಿಯಲ್ಲಿ, ೧೯೯೪ರ ದೀಪಾವಳಿಯ ಮುಂದೆ. ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ನಮ್ಮ ಓಣಿಯ ದುರ್ಗವ್ವ ಗಿರಣಿಯ ಸದ್ದಿಗಿಂತ ಮೇಲೆ ದನಿ ಎತ್ತಿ ಸುದ್ದಿ ಹೇಳುತ್ತಿದ್ದಳು.

"ಸಂಗಣ್ಣನ ತಂಗಿ ಗಂಡನ ಮನಿ ಬಿಟ್ಟು ಬಂದಾಳಂತ. ಬರೂ ಮುಂದ ಏನ್ ತಂದಾಳ ಗೊತ್ತೈತೇನು? ಬಂಗಾರಲ್ಲ, ಬೆಳ್ಳಿಯಲ್ಲ. ಇಂಗ್ಲೀಷ ಗೈಡು!"

"ಅದನ್ನ ತಗೊಂಡು ಏನ್ ಮಾಡ್ತಾಳವಾ?"

"ಎಸ್ಸೆಸ್ಸೆಲ್ಸಿ ಇಂಗ್ಲೀಷಿನ್ಯಾಗ ಐದು ಸಲ ನಪಾಸ್ ಆಗ್ಯಾಳ. ಆರನೇದಕ್ಕ ಕುಂದರ್ತಾಳಂತ. ಮೂವತ್ತು ವರ್ಷದ ಹೆಂಗಸು, ಹುಡುಗ್ರ ಕೂಡ ಸಾಲಿ ಬಾಕಿನ ಮ್ಯಾಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ ನೋಡದ ಹೆಣ್ಣಿನ ಮೇಲೆ ಹಿಟ್ಟು ಮೆತ್ತಿದ ಬಾಯಿ ತೆರೆದು ನಕ್ಕೆನಲ್ಲ, ಅದು ನೆನಪಾದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ನಾನು ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಐದಕ್ಕೆ ಹೋಗುವ ಮೊದಲೇ ನನ್ನ ಲಗ್ನ ಮಾಡಿದರು. ನಪಾಸಾಗುವುದಕ್ಕೂ ಒಂದು ಪರೀಕ್ಷೆ ಬೇಕು. ನನಗೆ ಅದೂ ಇರಲಿಲ್ಲ. ಅಂಥ ನಾನು ನಕ್ಕೆ.

ನನ್ನ ಹೆಸರು ಬಾಳಮ್ಮ. ನನ್ನ ಮನೆಯವರು ತೀರಿಕೊಂಡ ಮೇಲೆ ಹೊರಗಿನ ಕೋಣೆ ಖಾಲಿ ಬಿದ್ದಿತ್ತು, ಅದನ್ನು ಅಂಗನವಾಡಿಗೆ ಕೊಟ್ಟಿದ್ದೆ. ದೀಪಾವಳಿಯಾಗಿ ಎರಡು ತಿಂಗಳಿಗೆ ರೇವವ್ವ ಅದೇ ಅಂಗನವಾಡಿಗೆ ಆಯಾ ಆಗಿ ಬಂದಳು. ಕುರುಬರ ಹಟ್ಟಿಯ ಹೆಣ್ಣು, ಉದ್ದ ಕೈ, ಉದ್ದ ಹೆಜ್ಜೆ, ಮಾತು ಕಡಿಮೆ. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಬೇಯಿಸುವುದು, ಹಾಡು ಹೇಳಿಸುವುದು, ತೂಕ ನೋಡಿ ಬರೆಯುವುದು ಎಲ್ಲ ಅವಳೇ. ಕಾರ್ಯಕರ್ತೆ, ನಾವು ಬಾಯಿ ಅಂತ ಕರೆಯುತ್ತಿದ್ದ ಟೀಚರು, ಮುದ್ದೇಬಿಹಾಳದಲ್ಲಿ ಇರುತ್ತಿದ್ದಳು, ಸಾಹೇಬರು ಬರುವ ದಿನ ಮಾತ್ರ ಇಸ್ತ್ರಿ ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂಡುತ್ತಿದ್ದಳು. ಆಯಾ ಕಾರ್ಯಕರ್ತೆಯಾಗಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಬೇಕು, ವಯಸ್ಸು ಮೂವತ್ತೈದು ದಾಟಬಾರದು. ರೇವವ್ವನಿಗೆ ಉಳಿದದ್ದು ಇಂಗ್ಲೀಷೊಂದೇ. ಸಾಲೆಗೆ ಹಾಕುವಾಗ ಮಾಸ್ತರರು ಊರ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಹುಟ್ಟಿದ ದಿನ ಅಂತ ಬರೆದಿದ್ದರು, ಇವಳಿಗೂ ಅದೇ. ೧೯೯೯ರ ಜೂನ್ ಒಂದಕ್ಕೆ ಮೂವತ್ತೈದು ತುಂಬಿ ಅವಳ ಬಾಗಿಲು ಮುಚ್ಚುತ್ತಿತ್ತು.

ಅಣ್ಣ ಸಂಗಣ್ಣನಿಗೆ ಈ ಓದು ಸೇರುತ್ತಿರಲಿಲ್ಲ. ಸ್ನಾನದ ನೀರು ಕಾಯಿಸಲು ಒಲೆ ಹೊತ್ತಿಸುವಾಗ ತಂಗಿಯ ನೋಟುಬುಕ್ಕಿನ ಹಾಳೆಯನ್ನೇ ಕೀಳುತ್ತಿದ್ದ. ಕಾಗದ ಬೇರೆ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೂ ಅದನ್ನೇ ಕೀಳುತ್ತಿದ್ದ. ಅದಕ್ಕೆ ಅವಳು ಪುಸ್ತಕವನ್ನು ನನ್ನ ಮನೆಯ ಗೋಡೆಯ ಮಾಡದಲ್ಲಿ, ದೀಪದ ಪಕ್ಕ ಇಡತೊಡಗಿದಳು. ಅವ್ವನ ತಂಗಿಗೆ ಅನ್ನುವಂತೆ ನನ್ನನ್ನು ಚಿಗವ್ವ ಅನ್ನತೊಡಗಿದಳು.

ಆರನೆಯ ಸಲ ಮೂವತ್ತೊಂದು ಬಂತು, ಏಳನೆಯ ಸಲ ಮೂವತ್ಮೂರು. ಮೂವತ್ತೈದು ಬೇಕು. ಎರಡು ಅಂಕಕ್ಕೆ ಅವಳು ಸೋತು ಬಂದ ದಿನ ಸಂಗಣ್ಣ ಓಣಿಗೆ ಕೇಳುವಂತೆ, "ಎರಡು ಎಮ್ಮಿ ತಗೊಂಡಿದ್ರ ಇಷ್ಟೊತ್ತಿಗೆ ಈದಿದ್ವು," ಅಂದ.

ಕಲಿಸುವವರು ಯಾರೂ ಇರಲಿಲ್ಲ. ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಖಾಜಾಸಾಬ ಎಂಬವನು ಸೈಕಲ್ ಅಂಗಡಿ ಇಟ್ಟಿದ್ದ. ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದು ಬಂದವನು, ಇಂಗ್ಲೀಷು ಬಲ್ಲವನು. ಸಂತೆಯ ದಿನ ರೇವವ್ವ ಅವನ ಅಂಗಡಿಯ ಮುಂದೆ ಡಬ್ಬ ಬೋರಲು ಹಾಕಿಕೊಂಡು ಕೂಡುತ್ತಿದ್ದಳು. ಅವನು ಚೈನಿಗೆ ಎಣ್ಣೆ ಬಿಡುತ್ತ ಇವಳ ತಪ್ಪು ತಿದ್ದುತ್ತಿದ್ದ. ೧೯೯೬ರ ಚಳಿಗಾಲದಲ್ಲಿ ಒಂದು ದಿನ ಅಲ್ಲಿಂದ ಬಂದವಳೇ ಸಂತೆಯ ಚೀಲವನ್ನೂ ಇಳಿಸದೆ ನನ್ನ ಕಟ್ಟೆಗೆ ಬಂದಳು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ಚಿಗವ್ವ, ನಿನ್ನ ತವರಿಗೆ ಹೋದಾಗ ತಲಿ ಮ್ಯಾಲ ಸೆರಗ ಹೊಚ್ಚಿಕೋತೀಯೇನು?"

"ಹುಟ್ಟಿದ ಊರಾಗ ಯಾಕ ಹೊಚ್ಚಿಕೊಳ್ಳಲಿ?"

"ಮತ್ತ ಇಲ್ಲೆ?"

"ಇಲ್ಲೆ ನಾ ಸೊಸಿ. ಸಾಯೂತನಾ ಸೆರಗ."

"ಇಂಗ್ಲೀಷೂ ಹಂಗ ಐತಿ ನೋಡು!" ಎಂದು ತೊಡೆ ತಟ್ಟಿದಳು. "ಗೋ ಅಂದ್ರ ಹೋಗು. ಒಂದು ಕೆಲಸದ ಮಾತಿನ ಹಿಂದ ಇನ್ನೊಂದು ಕೆಲಸದ ಮಾತು ಬಂತಂದ್ರ, ಅದು ಟು ಅನ್ನೂ ಸೆರಗ ಹೊಚ್ಚಿಕೊಂಡು ಬರಬೇಕು. ಐ ವಾಂಟ್ ಟು ಗೋ. ನನಗ ಹೋಗಬೇಕಾಗೇತಿ. ಈ ವಾಂಟ್ ಐತಲ್ಲ, ಅದು ಗಂಡನ ಮನಿ. ಆಸ್ಕ್, ಟೆಲ್, ಅವೂ ಗಂಡನ ಮನಿ. ಆದ್ರ ಒಂದ್ನಾಕು ಮನಿ ತವರ ಅದಾವ. ಮೇಕ್, ಲೆಟ್, ಸೀ, ಹಿಯರ್. ಅಲ್ಲೆ ಸೆರಗ ಇಲ್ಲ. ಲೆಟ್ ಹರ್ ಗೋ. ಆಕಿನ್ನ ಹೋಗಾಕ ಬಿಡು. ಐ ಸಾ ಹರ್ ಗೋ. ಆಕಿ ಹೋಗೂದು ನಾ ನೋಡಿದೆ. ನಡುವ ಟು ಇಲ್ಲ. ಹಚ್ಚಿದ್ರ ಮಾರ್ಕ್ ಹೋತು. ಏಳು ಸಲ ನಾ ಹಚ್ಚೇನಿ ಚಿಗವ್ವ! ಎಲ್ಲಿ ಹೋದ್ರೂ ಹೊಚ್ಚಿಕೊಂಡ ರೂಢಿ ಆಗೇತಿ ನೋಡು."

"ಮೇಕ್ ಅಂದ್ರೇನು?"

"ಜುಲುಮಿ ಮಾಡಿ ಮಾಡಸೂದು."

"ಜುಲುಮಿ ಮಾಡಾರ ಮನಿ ತವರ ಹೆಂಗಾದೀತವಾ?"

"ನಮ್ಮ ಸಂಗಣ್ಣನ ಮನಿ ನೀ ನೋಡಿಲ್ಲೇನು?" ಎಂದು ಅವಳು ನಕ್ಕ ನಗು! ನನ್ನ ಮೊರದ ಜೋಳ ಅರ್ಧ ನೆಲಕ್ಕೆ ಚೆಲ್ಲಿತು. ಅವಳು ಹಾಗೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಇನ್ನೊಂದು ಹೇಳಿದಳು. ಹೆಲ್ಪ್ ಅನ್ನುವುದು ಅಕ್ಕನ ಮನೆಯಂತೆ. ಸೆರಗು ಹೊದ್ದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಮತ್ತೆ, ಜುಲುಮೆ ಮಾಡಿದವನನ್ನು ಮರೆಗಿಟ್ಟು ಮಾಡಿಸಿಕೊಂಡವಳನ್ನೇ ಮಾತಿನ ಮುಂದೆ ತಂದರೆ, ಹೋದ ಸೆರಗು ತಿರುಗಿ ಬರುತ್ತದಂತೆ. ಶಿ ವಾಸ್ ಮೇಡ್ ಟು ಗೋ.

"ಯಾಕವಾ?"

"ಖಾಜಾಸಾಬ ಕಾಕಾಗೂ ಗೊತ್ತಿಲ್ಲ. ಮಿಲಿಟರಿಯಾಗ ಯಾಕ ಅಂತ ಕೇಳಂಗಿಲ್ಲಂತ."

ನನಗೆ ಇಂಗ್ಲೀಷ್ ಅಕ್ಷರ ಬಾರದು ಅಂತ ಒಂದು ಹಾಳೆಯ ಮೇಲೆ ಹೆಣ್ಣುಮಕ್ಕಳ ತಲೆ ಬರೆದು ತೋರಿಸಿದಳು. ಎಡಕ್ಕೆ ಸೆರಗು ಹೊದ್ದವರು, ಬಲಕ್ಕೆ ಬರಿದಲೆಯ ಜಡೆಯವರು, ನಡುವೆ ಅರ್ಧ ಸೆರಗು ಜಾರಿದವಳೊಬ್ಬಳು, ಆಕೆ ಹೆಲ್ಪ್. ಒಬ್ಬೊಬ್ಬರ ಕೆಳಗೆ ಒಂದೊಂದು ಇಂಗ್ಲೀಷ್ ಮಾತು. ಆ ಇಡೀ ಪುಸ್ತಕದಲ್ಲಿ ನನಗೆ ಗುರುತು ಸಿಗುತ್ತಿದ್ದ ಹಾಳೆ ಅದೊಂದೇ. ಇದನ್ನು ನೆನಪಿಡಿ.

ಈಗ ಕಿಟಕಿಯ ಮಾತು ಹೇಳಬೇಕು, ಹೇಳಲಿಕ್ಕೆ ಹೊಟ್ಟೆ ಉರಿಯುತ್ತದೆ. ಆಗಿನ ಪರೀಕ್ಷೆ ಕಾಣದವರಿಗೆ ಇದು ಕಟ್ಟಿ ಹೇಳಿದ ಕತೆ ಅನ್ನಿಸಬಹುದು. ಏಪ್ರಿಲ್ ಬಂತೆಂದರೆ ಟೆಂಪೊ ತುಂಬ, ಟ್ರ್ಯಾಕ್ಟರ್ ತುಂಬ ಮಂದಿ ಪರೀಕ್ಷೆಯ ಊರಿಗೆ ಹೋಗುತ್ತಿದ್ದರು. ಬರೆಯುವವರು ಒಬ್ಬರಾದರೆ ಬಂದವರು ಹತ್ತು. ರೊಟ್ಟಿ ಬುತ್ತಿ, ನೀರಿನ ಕೊಡ, ಚೀಟಿ. ಸೋದರಮಾವ ಇನ್ನೊಬ್ಬ ಅಳಿಯನ ಹೆಗಲ ಮೇಲೆ ಹತ್ತಿ ಕಿಟಕಿಗೆ ಜೋತು ಬೀಳುತ್ತಿದ್ದ. ಚೀಟಿಗೆ ಹರಳು ಕಟ್ಟಿ ಒಳಗೆ ಒಗೆಯುತ್ತಿದ್ದರು. ಪೊಲೀಸರು ಲಾಠಿ ಎತ್ತಿದರೆ ಗುಬ್ಬಿ ಹಾರಿದಂತೆ ಹಾರಿ, ಮತ್ತೆ ಗುಬ್ಬಿಯಂತೆಯೇ ಬಂದು ಕೂಡುತ್ತಿದ್ದರು. ಇದಕ್ಕೆ ಯಾರೂ ಕಳ್ಳತನ ಅನ್ನುತ್ತಿರಲಿಲ್ಲ. ಇದು ಬಳಗದ ಕೆಲಸ. ಮದುವೆಯಲ್ಲಿ ಅಂತರಪಟ ಹಿಡಿದಂತೆ, ಪರೀಕ್ಷೆಯಲ್ಲಿ ಕಿಟಕಿ ಹಿಡಿಯುವುದು. "ನಿಮ್ಮ ಹುಡುಗಿಗೆ ಕಿಟಕಿಗೆ ಯಾರು?" ಅಂತಲೇ ಕೇಳುತ್ತಿದ್ದರು. ಕಿಟಕಿಗೆ ಯಾರೂ ಇಲ್ಲದವಳೆಂದರೆ ದಿಕ್ಕಿಲ್ಲದವಳು.

೧೯೯೭ರ ಏಪ್ರಿಲಿನ ಇಂಗ್ಲೀಷ್ ಪರೀಕ್ಷೆಯ ಮುನ್ನಾದಿನ ನೀರಿನ ಟಾಕಿಯ ಹತ್ತಿರ ದುರ್ಗವ್ವ ನನ್ನನ್ನು ಹಿಡಿದಳು.

"ಕಿಟಕಿಗೆ ಸಂಗಣ್ಣ ಹೊಂಟಾನೇನು?"

"ಅಂವ ಯಾಕ ಹೋಗ್ತಾನು?"

"ಮತ್ತ ಯಾರು? ಯಾರೂ ಇಲ್ಲಾ? ಅಯ್ಯ ಎವ್ವಾ! ನನ್ನ ಮಗಾ ಹೋದ ವರ್ಷ ಪಾಸಾದಾಗ ನಾಕು ಮಂದಿ ಮಾವಗೋಳು ನಿಂತಿದ್ರು. ತಂದಿ ಸತ್ತಾಕಿಗೆ ಅಣ್ಣ ಇದ್ದೂ ಕಿಟಕಿ ಇಲ್ಲ. ಚಿಗವ್ವ ಚಿಗವ್ವ ಅಂತಾಳಲ್ಲ ನಿನಗ, ಬರೇ ಬಾಯಾಗೇನು?"

ಆ ಮಾತು ನನಗೆ ಚುಚ್ಚಿತು. ರೇವವ್ವ ಎಲ್ಲ ಬಲ್ಲಳು, ಅವಳಿಗೆ ಚೀಟಿ ಬೇಡ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೂ ಚುಚ್ಚಿತು. ಮರುದಿನ ಮುಂಜಾನೆ ಅವಳು ಮೊದಲ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋದಳು. ನಾನು ಮಾಡದಿಂದ ನೋಟುಬುಕ್ಕು ತೆಗೆದು ಆ ಹೆಣ್ಣುಮಕ್ಕಳ ಹಾಳೆ ಹರಿದು ಎಲೆಯಡಿಕೆಯ ಚಂಚಿಯಲ್ಲಿಟ್ಟುಕೊಂಡು ಅದರ ಹಿಂದೆ ಬಂದ ಬಸ್ಸು ಹತ್ತಿದೆ. ಸಂಗಣ್ಣ ಒಲೆಗೆ ಹಾಕಲು ಕೀಳುತ್ತಿದ್ದ. ನಾನು ಅಕ್ಕರೆಯಿಂದ ಕಿತ್ತೆ. ಕಿತ್ತದ್ದು ಕಿತ್ತದ್ದೇ.

ಯಾವ ಸಾಲೆ ಅಂತ ಬರೆಯುವುದಿಲ್ಲ, ಈಗ ಅಲ್ಲಿ ಬೇರೆ ಮಾಸ್ತರರಿದ್ದಾರೆ. ಬಿಸಿಲಿಗೆ ನೆಲ ಹೆಂಚಾಗಿತ್ತು. ಗಂಡಸರ ನಡುವೆ ನುಗ್ಗಿ ನಾನು ಕಿಟಕಿಯ ಕೆಳಗಿನ ಕಲ್ಲು ಹತ್ತಿದೆ. ಒಬ್ಬ, "ಏ ಮುದುಕಿ, ನೀನೂ ಬರೀತಿಯೇನು?" ಅಂದ. "ನಿನ್ನ ಹಂಗ ಮಂದೀದು ನೋಡಿ ಬರಿಯಂಗಿಲ್ಲ," ಅಂದೆ. ಒಳಗೆ ರೇವವ್ವ ಮೂರನೆಯ ಬಾಕಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಸುತ್ತ ಚೀಟಿ ಮಳೆ, ಅವಳು ತಲೆ ಎತ್ತಲಿಲ್ಲ. ಕಾಗದಕ್ಕೆ ಭಾರ ಬೇಕಿತ್ತು, ಹರಳು ಸಿಗಲಿಲ್ಲ. ಚಂಚಿಯಲ್ಲಿದ್ದ ಅಡಿಕೆಯನ್ನೇ ಸುತ್ತಿ ಒಗೆದೆ. ಅವಳ ಬಾಕಿನ ಮೇಲೇ ಬಿತ್ತು.

ಅವಳು ಬಿಚ್ಚಿ ನೋಡಿದಳು. ತನ್ನ ಹಾಳೆ, ನನ್ನ ಅಡಿಕೆ. ಆಮೇಲೆ ಎದ್ದು ನಿಂತು, ಕೈ ಚಾಚಿ, ಚೀಟಿಯನ್ನು ಮಾಸ್ತರರಿಗೆ ಕೊಡಲು ಹೊರಟಳು. ಆಗಲೇ ತಪಾಸಣೆಯ ಸಾಹೇಬ ಒಳಗೆ ಬಂದ. ಅವನ ಜೀಪಿನ ಸದ್ದಿಗೆ ಉಳಿದವರೆಲ್ಲ ತಮ್ಮ ಚೀಟಿಗಳನ್ನು ಚಡ್ಡಿಗೆ, ಕುಪ್ಪಸಕ್ಕೆ, ಬಾಯಿಗೆ ಸೇರಿಸಿ ಆಗಿತ್ತು. ಅವರಿಗೆ ರೂಢಿ. ಕೈಯಲ್ಲಿ ಚೀಟಿ ಹಿಡಿದು ನಿಂತವಳು ಇಡೀ ಕೋಣೆಯಲ್ಲಿ ಒಬ್ಬಳೇ.

"ಚಿತ್ರ ಬ್ಯಾರೆ ಬರದಾಳ!" ಎಂದು ಸಾಹೇಬ ಹಾಳೆ ಎತ್ತಿ ಎಲ್ಲರಿಗೂ ತೋರಿಸಿದ. ಬಾಯಲ್ಲಿ ಚೀಟಿ ಇಟ್ಟುಕೊಂಡವರೂ ನಕ್ಕರು. "ಇದು ನಿನ್ನ ಅಕ್ಷರ ಹೌದೋ ಅಲ್ಲೋ?"

"ಹೌದ್ರಿ."

"ಯಾರು ಒಗದ್ರು?"

ರೇವವ್ವ ಕಿಟಕಿಗೆ ನೋಡಿದಳು. ನಾನು ಅಲ್ಲೇ ಇದ್ದೆ. ಸರಳು ಹಿಡಿದು ನಿಂತಿದ್ದೆ. ಅವಳ ಕಣ್ಣು, ನನ್ನ ಕಣ್ಣು.

"ಗೊತ್ತಿಲ್ರಿ," ಅಂದಳು.

ಆಗ ನಾನು ಒಂದು ಮಾತು ಒದರಬೇಕಿತ್ತು. "ನಾ ಒಗದೇನ್ರಿ, ಆಕಿ ಕೇಳಿಲ್ಲ," ಅಂತ. ನಾಲಗೆಯ ತುದಿಗೇ ಇತ್ತು. ನಾನು ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಲ್ಲಿನಿಂದ ಇಳಿದೆ. ನೋಡಿದೆ, ಕೇಳಿದೆ, ಆಗಗೊಟ್ಟೆ. ಅವಳು ಕಲಿಸಿದ ನಾಲ್ಕು ತವರುಮನೆಗಳಲ್ಲಿ ಮೂರನ್ನು ಅವತ್ತು ನಾನೇ ಮಾಡಿ ಮುಗಿಸಿದೆ. ಸಾಹೇಬನ ಮೇಲಿನ ಸಿಟ್ಟು, ಮಾಸ್ತರರ ಮೇಲಿನ ಸಿಟ್ಟು, ದುರ್ಗವ್ವನ ಮೇಲಿನ ಸಿಟ್ಟು ಎಲ್ಲ ಒಂದು ತಕ್ಕಡಿಯಲ್ಲಿ ಹಾಕಿದರೂ ಈ ಸೆರಗಿನ ಮೇಲಿನ ಸಿಟ್ಟಿನಷ್ಟು ತೂಗುವುದಿಲ್ಲ.

ಅವಳನ್ನು ಪರೀಕ್ಷೆ ಮುಗಿಯುವ ತನಕ ಪಡಸಾಲೆಯಲ್ಲಿ ನಿಲ್ಲಿಸಿದರು. ಎರಡು ವರ್ಷ ಪರೀಕ್ಷೆಗೆ ಕೂಡುವಂತಿಲ್ಲ ಅಂತ ಸಾಹೇಬ ಅಲ್ಲೇ ಹೇಳಿದ, ಆಮೇಲೆ ಹಾಗೇ ಕಾಗದವೂ ಬಂತು. ಅವತ್ತು ಒಂದೇ ಬಸ್ಸಿಗೆ ತಿರುಗಿ ಬಂದೆವು. ಮಸೂತಿಯಲ್ಲಿ ಇಳಿದ ಮೇಲೆ ಅವಳೇ ಅಂದಳು, "ಆ ಹಾಳಿ ಅವರು ತಿರುಗಿ ಕೊಡ್ಲಿಲ್ಲ ಚಿಗವ್ವ. ಹೊಸಾದು ಬರೀಬೇಕು."

"ಬೈಯವಾ ನನಗ!" ಎಂದು ನಾನು ರಸ್ತೆಯಲ್ಲೇ ಕೂಗಿದೆ. "ಕಲ್ಲ ತಗೊಂಡು ಹೊಡಿ!"

"ಹೊಡದ್ರ ಎರಡು ವರ್ಷ ಒಂದಾಕ್ಕೈತೇನು?" ಎಂದು ಅವಳು ಹಟ್ಟಿಯ ಕಡೆ ನಡೆದುಬಿಟ್ಟಳು.

ನನ್ನ ಮೇಲೆ ಅವಳು ಸಿಟ್ಟು ಮಾಡಲಿಲ್ಲ ಅಂತ ನನಗೆ ಅವಳ ಮೇಲೆ ಸಿಟ್ಟು. ಹದಿನೈದು ದಿನ ಅವಳು ಬೇಯಿಸಿದ ಉಪ್ಪಿಟ್ಟು ಮುಟ್ಟಲಿಲ್ಲ ನಾನು. ಎಂಥ ನ್ಯಾಯ ನೋಡಿ!

ಊರಿನ ನ್ಯಾಯ ಇನ್ನೂ ಚೆಂದ. ಕಿಟಕಿಯಿಂದ ಪಾಸಾದವರ ಮನೆಗಳಲ್ಲಿ ಪೇಢೆ ಹಂಚಿದರು. ನಕಲು ಹೊಡೆದವಳು ಅಂತ ಹೆಸರು ಬಂದದ್ದು ರೇವವ್ವನೊಬ್ಬಳಿಗೆ. "ಮಾನ ಕಳದಳು," ಅಂದ ಸಂಗಣ್ಣ. ದುರ್ಗವ್ವ ನನ್ನ ಕಟ್ಟೆಗೆ ಬಂದು, "ಒಗಿಯೂ ಕೈ ಬ್ಯಾರೇನ ಇರಬೇಕವಾ, ಅಡಿಕಿ ಕಟ್ಟಿ ಯಾರರ ಒಗೀತಾರೇನು?" ಅಂದಳು. ಅವಳಿಗೆ ಹೇಗೋ ಗೊತ್ತಾಗಿತ್ತು. ಅವಳನ್ನು ಕಟ್ಟೆಯಿಂದ ಇಳಿಸಿ ಕಳಿಸಿದೆ. ಆ ದಿನವೇ ಚಂಚಿಯನ್ನು ತಿಪ್ಪೆಗೆ ಒಗೆದೆ.

ಆ ಮಳೆಗಾಲದಲ್ಲಿ ಖಾಜಾಸಾಬನನ್ನು ಕರೆದುಕೊಂಡು ಪರೀಕ್ಷೆಯ ಕಚೇರಿಗೆ ಹೋದೆ. ಮೂರು ಮೇಜು ದಾಟಿಸಿ ಒಬ್ಬ ಕಾರಕೂನನ ಮುಂದೆ ನಿಲ್ಲಿಸಿದರು. ನಾನು ಒಗೆದೆ, ನನ್ನನ್ನು ಏನು ಬೇಕಾದರೂ ಮಾಡಿ, ಅವಳಿಗೆ ಬರೆಯಲು ಬಿಡಿ ಅಂದೆ. ಅವನು ಪೆನ್ನು ಕೆಳಗಿಟ್ಟು ನಕ್ಕ.

"ಅಜ್ಜಿ, ಚೀಟಿ ಒಗದಾರು ಸಾವಿರ ಮಂದಿ. ನಾ ಒಗದೇನಿ ಅಂತ ಬಂದಾಕಿ ನೀನ ಮೊದಲ್ನೇದಾಕಿ. ಯಾವ ಫೈಲಿನ್ಯಾಗ ಹಾಕಲಿ ನಿನ್ನ?"

"ನಿನ್ನ ತಲಿಯಾಗ ಹಾಕ್ಕೋ," ಅಂದೆ. ಖಾಜಾಸಾಬ ನನ್ನ ಕೈ ಹಿಡಿದು ಹೊರಗೆ ತಂದ. "ಹೇಳಿದ್ದು ಬರೋಬರಿ ಐತಿ ಅಕ್ಕಾ, ಖರೆ ನಾಕು ತಿಂಗಳ ತಡಾ ಆತು," ಅಂದ. ಅವನು ಮೆತ್ತಗೆ ಹೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಎರಡು ವರ್ಷ ರೇವವ್ವ ಸುಮ್ಮನೆ ಕೂಡಲಿಲ್ಲ. ಮಧ್ಯಾಹ್ನ ಮಕ್ಕಳನ್ನು ಮನೆ ಮುಟ್ಟಿಸಿ ಬಂದ ಮೇಲೆ ನನ್ನ ಕಟ್ಟೆಯ ಮೇಲೆ ನಪಾಸಾದ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಸೆರಗಿನ ಪಾಠ ಹೇಳುತ್ತಿದ್ದಳು. ಹೊಸ ಹಾಳೆ ಬರೆದಿದ್ದಳು, ಗೋಡೆಗೆ ಅಂಟಿಸಿದ್ದಳು. "ಮೇಕ್?" ಅಂದರೆ ಹುಡುಗಿಯರು "ಬರಿದಲಿ!" ಅನ್ನುವರು. "ವಾಂಟ್?" "ಸೆರಗ!" ಮೂವರು ಪಾಸಾದರು, ಕಿಟಕಿಯಿಲ್ಲದೆ. ಅದರಲ್ಲಿ ಒಬ್ಬಳು ದುರ್ಗವ್ವನ ತಂಗಿಯ ಮಗಳು ಭಾಗ್ಯಾ. ದುರ್ಗವ್ವ ಅದನ್ನು ಗಿರಣಿಯಲ್ಲಿ ಹೇಳಿದಳೇ? ಇಲ್ಲ.

ಆ ನಡುವೆ ಕಾರ್ಯಕರ್ತೆ ಬಾಯಿ ಕೆಲಸ ಬಿಟ್ಟಳು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಆ ಕುರ್ಚಿಗೆ ಬಂದಳು. ಮಗುವಿನ ತೂಕ ಬರೆಯುವುದು ಹೇಗೆ ಅಂತ ಅವಳು ರೇವವ್ವನನ್ನೇ ಕೇಳುತ್ತಿದ್ದಳು. ರೇವವ್ವ ಹೇಳಿಕೊಡುತ್ತಿದ್ದಳು, ಪಾತ್ರೆ ತಿಕ್ಕುತ್ತ. ಹಟ್ಟಿಗೆ ಬೇರೆಯೇ ಅಂಗನವಾಡಿ ಬರುತ್ತದೆ ಅಂತ ಸುದ್ದಿ ಇತ್ತು. ಅದಕ್ಕೆ ಅರ್ಜಿ ಹಾಕಬೇಕಾದರೆ ೧೯೯೯ರ ಏಪ್ರಿಲಿನ ಪರೀಕ್ಷೆಯೊಂದೇ ಉಳಿದಿತ್ತು. ಅದು ತಪ್ಪಿದರೆ ಜೂನ್ ಒಂದು.

ಮುಂದೇನಾಯಿತು ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಪಾಸಾದಳು. ಐವತ್ತೆಂಟು ಅಂಕ. ಜೂನ್ ಒಂದಕ್ಕೆ ಆರು ದಿನ ಇರುವಾಗ ಅರ್ಜಿ ಹಾಕಿದಳು, ಹಟ್ಟಿಯ ಅಂಗನವಾಡಿಗೆ ಅವಳೇ ಕಾರ್ಯಕರ್ತೆಯಾದಳು. ಸಂಗಣ್ಣ ಊರ ತುಂಬ ಪೇಢೆ ಹಂಚಿದ, ನಾನು ತಿನ್ನಲಿಲ್ಲ. ಆ ಮಳೆಗಾಲಕ್ಕೆ ನಾನು ಇಂಡಿಗೆ, ಮಗಳ ಮನೆಗೆ ಬಂದೆ. ರೇವವ್ವ ವರ್ಷಕ್ಕೊಮ್ಮೆ ಬರುತ್ತಾಳೆ, ನನ್ನ ತಲೆ ಬಾಚುತ್ತಾಳೆ, ಬುಟ್ಟಿಯ ತುಂಬ ಶೇಂಗಾ ಇಟ್ಟು ಹೋಗುತ್ತಾಳೆ. ನಾನು ಇಲ್ಲಿನ ನಿಂಬೆಹಣ್ಣು ಕಟ್ಟಿಕೊಡುತ್ತೇನೆ, ಒಯ್ಯುತ್ತಾಳೆ. ಆದರೆ ಇಷ್ಟು ವರ್ಷದಲ್ಲಿ ಇಂಥದ್ದು ಮಾಡು, ಇಂಥದ್ದು ಕೊಡು ಅಂತ ನನ್ನನ್ನು ಒಂದನ್ನೂ ಕೇಳಿಲ್ಲ. ಅವಳು ಕೇಳಿದ್ದು ಅವತ್ತೇ ಕೊನೆ, ೧೯೯೯ರ ಪರೀಕ್ಷೆಯ ಮುಂಜಾನೆ.

ಅದೇ ಊರು, ಅದೇ ಸಾಲೆ, ಅದೇ ಬಿಸಿಲು. ನಾನು ಬರುವುದಿಲ್ಲ ಅಂದಿದ್ದೆ. "ಬಾ," ಅಂತ ಅವಳೇ ಕೈ ಹಿಡಿದು ಬಸ್ಸಿಗೆ ಹತ್ತಿಸಿದ್ದಳು. ಗೇಟಿನ ಹೊರಗೆ ಮಂದಿ ಹರಳು ಆರಿಸುತ್ತಿದ್ದರು, ಹೆಗಲಿಗೆ ಹೆಗಲು ಏಣಿ ಕಟ್ಟುತ್ತಿದ್ದರು. ಒಬ್ಬ ನಮ್ಮನ್ನು ನೋಡಿ, "ಕಿಟಕಿಗೆ ಈ ಮುದುಕಿ ಏನು?" ಎಂದು ಹಲ್ಲು ಕಿಸಿದ. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು, ಹಣೆಯ ಮೇಲೆ ಎಳೆದುಕೊಳ್ಳಲು. ರೇವವ್ವ ಆ ಕೈ ಹಿಡಿದು ಕೆಳಗಿಳಿಸಿದಳು. ಗೇಟಿನ ಎದುರು ಬೇವಿನ ಗಿಡದ ಬುಡದಲ್ಲಿ ನನ್ನನ್ನು ಕೂಡಿಸಿ, ಕುಕ್ಕರುಗಾಲಿನಲ್ಲಿ ಕೂತು, ನನ್ನ ಎರಡೂ ಕೈ ಬಿಚ್ಚಿ ತೊಡೆಯ ಮೇಲೆ ಇಟ್ಟಳು. ಅಂಗನವಾಡಿಯ ಕೂಸಿಗೆ ಹೇಗೆ ಇಡುತ್ತಾಳೋ ಹಾಗೆ.

"ಮೂರನೇ ಬಾಕಿನಿಂದ ಈ ಗಿಡಾ ಕಾಣತೈತಿ, ಹೋದ ಸಲಾನ ನೋಡೇನಿ," ಅಂದಳು. "ಇಲ್ಲೇ ಕುಂದರು ಚಿಗವ್ವ. ತಲಿ ಮ್ಯಾಲ ಸೆರಗ ಬ್ಯಾಡ, ಮುಖಾ ಕಾಣಬೇಕು ನನಗ. ಗಂಟಿ ಹೊಡಿಯೂತನಾ ಈ ಎರಡೂ ಕೈ ಹಿಂಗ ಇರಲಿ."